ಮೂತಿ ಹುಳದ ದುಡಿಮೆ

ಹಾಸನದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ತಾಳೆ ಎಣ್ಣೆ ಕಾಡು ನುಂಗುವ ಎಣ್ಣೆ. ಅದನ್ನು ಮಾರಿ ದುಡ್ಡು ಮಾಡಿದ ಮಲೇಷ್ಯಾವನ್ನು ನಿಮ್ಮ ಪತ್ರಿಕೆ ಹೊಗಳಿದ್ದು ಸರಿಯೇ?’

ಮೇಷ್ಟ್ರೇ, ಕಾಡಿನ ಮಾತು ನಿಜ. ಒರಾಂಗುಟಾನ್‌ಗಳ ನೆಲೆ ಹೋಯಿತು. ಹೊರದೇಶದಿಂದ ಬಂದ ಕೂಲಿಗಳ ಪಾಡೂ ಚೆನ್ನಾಗಿಲ್ಲ. ಒಪ್ಪಿದೆ. ಆದರೆ ಪಾಠ ಹೇಳಿದವರು ನೀವು, ಒಂದೇ ಪುಟ ಓದಿ ಪುಸ್ತಕ ಮುಚ್ಚಬಾರದು ಅಲ್ವಾ?

ಆ ಮರ ಅಲ್ಲಿಯದೇ ಅಲ್ಲ, ಪಶ್ಚಿಮ ಆಫ್ರಿಕಾದ್ದು. ಮಲೇಷ್ಯಾದ ಸೆಲಂಗೋರ್‌ನಲ್ಲಿ ಮೊದಲ ದೊಡ್ಡ ತೋಟ ಎದ್ದದ್ದು 1917ರಲ್ಲಿ. 1956ರಲ್ಲಿ ಸರ್ಕಾರ ಫೆಲ್ಡಾ ಎಂಬ ಸಂಸ್ಥೆ ಕಟ್ಟಿತು. ಭೂಮಿಯಿಲ್ಲದವರನ್ನು ಕರೆತಂದು ಹೊಸ ಊರುಗಳಲ್ಲಿ ಕೂರಿಸಿತು. ಮೊದಲು ರಬ್ಬರ್, ಆಮೇಲೆ ತಾಳೆ. ಮನೆಗೆ ಸುಮಾರು 10 ಎಕರೆ. ಹೀಗೆ ನೆಲೆ ಕಂಡವರು ಲಕ್ಷಕ್ಕೂ ಜಾಸ್ತಿ ಕುಟುಂಬದವರು. ತಾಳೆ ಗೊನೆ ಕೊಯ್ದು ಒಂದೆರಡು ದಿನದಲ್ಲಿ ಗಿರಣಿ ಸೇರದಿದ್ದರೆ ಎಣ್ಣೆ ಕೆಡುತ್ತದೆ. ಹಾಗಾಗಿ ತೋಟದ ಹಿಂದೆಯೇ ರಸ್ತೆ, ಗಿರಣಿ ಬಂದವು. 1970ರ ದಶಕದಲ್ಲಿ ಇನ್ನೊಂದು ಜಾಣತನ: ಕಚ್ಚಾ ಎಣ್ಣೆ ಹೊರಗೆ ಕಳಿಸಿದರೆ ಸುಂಕ, ಶುದ್ಧ ಮಾಡಿ ಕಳಿಸಿದರೆ ರಿಯಾಯಿತಿ. ಕಾರ್ಖಾನೆಗಳು ಅಲ್ಲೇ ಎದ್ದವು.

ನನಗೆ ಎಲ್ಲಕ್ಕಿಂತ ಇಷ್ಟ ಹುಳದ ಕತೆ. ಮರ ತಂದವರು ಅದರ ಹುಳ ತಂದಿರಲಿಲ್ಲ! ಹೂವಿಗೆ ಪರಾಗ ಸೋಕಿಸಲು ಆಳುಗಳನ್ನು ಇಡಬೇಕಿತ್ತು. ಕೊನೆಗೆ ಕ್ಯಾಮರೂನ್‌ನಿಂದ ಒಂದು ಪುಟ್ಟ ಮೂತಿ ಹುಳ ತರಿಸಿ 1981ರಲ್ಲಿ ತೋಟಗಳಿಗೆ ಬಿಟ್ಟರು. ಆಳುಗಳ ಕೆಲಸವನ್ನು ಹುಳ ವಹಿಸಿಕೊಂಡಿತು. ಕಾಯಿಯೂ ಚೆನ್ನಾಗಿ ಕಟ್ಟಿತು. ಇಂಥದ್ದೆಲ್ಲ ಸುಮ್ನೆ ಆಗುವುದಿಲ್ಲ. ಅಲ್ಲಿ ಟನ್ ಎಣ್ಣೆಗೆ ಇಷ್ಟು ಅಂತ ಸೆಸ್ ಎತ್ತಿ ಸಂಶೋಧನೆಗೆ ಹಾಕುತ್ತಾರೆ.

ನಾವು? ಚಿಕ್ಕವನಿದ್ದಾಗ ರೇಷನ್ ಅಂಗಡಿ ಮುಂದೆ ಡಬ್ಬ ಹಿಡಿದು ಪಾಮೊಲಿನ್‌ಗೆ, ಅಂದರೆ ಶುದ್ಧ ಮಾಡಿದ ತಾಳೆ ಎಣ್ಣೆಗೆ, ನಿಂತಿದ್ದೇನೆ. ಚಳಿಗೆ ಅದು ಡಬ್ಬದಲ್ಲೇ ಗಟ್ಟಿಯಾಗುತ್ತಿತ್ತು. ಅಮ್ಮ ಬಿಸಿಲಿಗಿಟ್ಟು ಕರಗಿಸಿ ಪೂರಿ ಕರಿಯುತ್ತಿದ್ದಳು. ಬಡವರ ಬಾಣಲೆಗೆ ಬಿದ್ದದ್ದು ಅದೇ ಎಣ್ಣೆ, ಅದಕ್ಕೆ ಮೂಗು ಮುರಿಯಲು ನನಗೆ ಮನಸ್ಸಿಲ್ಲ. ನನ್ನ ಸಿಟ್ಟು ಬೇರೆ ಕಡೆ. ಎಣ್ಣೆಗೇ ಹೆಸರಾಗಿದ್ದ ಚಳ್ಳಕೆರೆಯಲ್ಲಿ ಎಷ್ಟೋ ಗಿರಣಿಗಳು ಬಾಗಿಲು ಹಾಕಿದವು. ಆಮದು ಸುಂಕವನ್ನು ಒಮ್ಮೆ ಏರಿಸುತ್ತೇವೆ, ಒಮ್ಮೆ ಇಳಿಸುತ್ತೇವೆ. ಶೇಂಗಾ ಬೆಳೆಯುವವನು ಯಾವ ಬೆಲೆ ನಂಬಿ ಬಿತ್ತಬೇಕು? ಈಗ ದೇಶ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹಡಗಿನಲ್ಲಿ ಬರುತ್ತದೆ. 2022ರ ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ಮೂರು ವಾರಕ್ಕೂ ಹೆಚ್ಚು ಕಾಲ ತಾಳೆ ಎಣ್ಣೆ ರಫ್ತು ನಿಲ್ಲಿಸಿತಲ್ಲ, ಆಗ ನಿಮ್ಮ ಬೀದಿಯ ಬೋಂಡಾ ಅಂಗಡಿಯವನು ಏನಂದಿದ್ದ? ಕೇಳಿ ಬರೆಯಿರಿ ಮೇಷ್ಟ್ರೇ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.

— ಸಂಪಾದಕ