ಡಿಕ್ಷನರಿಯ ಸಿ ಅಕ್ಷರ ಮುಗಿಯುವುದು ಯಾವಾಗ?

ದಾವಣಗೆರೆಯ ಓದುಗರೊಬ್ಬರು ಬರೆದಿರುವ ಪತ್ರದ ಸಾರ ಇಷ್ಟು: "ನನ್ನ ಮಗಳು ಬಿ.ಎ. ಮುಗಿಸಿ ಎಫ್‌ಡಿಎ, ಬ್ಯಾಂಕ್ ಪರೀಕ್ಷೆಗಳಿಗೆ ಓದುತ್ತಿದ್ದಾಳೆ. ಇಂಗ್ಲಿಷ್ ಅಂದರೆ ಭಯ. ಡಿಕ್ಷನರಿ ಇಟ್ಟುಕೊಂಡು ಎ ಅಕ್ಷರದಿಂದ ಉರು ಹೊಡೆಯಲು ಶುರು ಮಾಡಿದಳು. ಎ, ಬಿ ಮುಗಿದವು. ಸಿ ಮುಗಿಯುತ್ತಲೇ ಇಲ್ಲ. ಬೆಳಿಗ್ಗೆ ಓದಿದ್ದು ಸಂಜೆಗೆ ಮರೆತುಹೋಗುತ್ತದೆ. ನನ್ನ ತಂದೆ ಇಲ್ಲಿನ ಹತ್ತಿ ಗಿರಣಿಯಲ್ಲಿ ದುಡಿದವರು. ಎಬಿಸಿಡಿ ಬರೆಯಲು ಬಾರದಿದ್ದರೂ ಎಷ್ಟೋ ಇಂಗ್ಲಿಷ್ ಪದ ಅವರ ಬಾಯಲ್ಲಿತ್ತು. ಓದಿದ ಮಗಳಿಗೆ ಯಾಕೆ ಹೀಗೆ? ತಿಂಗಳಿಗೊಂದು ಅಕ್ಷರದಂತೆ ಕಷ್ಟದ ಪದಗಳ ಪಟ್ಟಿ, ಅರ್ಥ ಹಾಕಿ. ಯಾವ ಡಿಕ್ಷನರಿ ಕೊಳ್ಳಬೇಕು, ಅದನ್ನೂ ತಿಳಿಸಿ."

ಸಂಪಾದಕರ ಉತ್ತರ:

ನಮಸ್ಕಾರ. ಪಟ್ಟಿ ಹಾಕುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ನಿಮ್ಮ ತಂದೆಯವರು ಪದಗಳನ್ನು ಅಕ್ಷರದ ಸಾಲಿನಲ್ಲಿ ಕಲಿಯಲಿಲ್ಲ. ಕೆಲಸದ ಜೊತೆಗೆ ಕಲಿತರು. ಅದಕ್ಕೇ ಮರೆಯಲಿಲ್ಲ.

ಸಿ ಮುಗಿಯದೇ ಇರುವುದು ಮಗಳ ತಪ್ಪಲ್ಲ, ಇದನ್ನು ಅವಳಿಗೆ ಮೊದಲು ಹೇಳಿ. ಇಂಗ್ಲಿಷ್ ಡಿಕ್ಷನರಿಯಲ್ಲಿ ಎಸ್ ಅಕ್ಷರದ್ದು ದೊಡ್ಡ ಪಾಲು. ಅದರ ಹಿಂದೆಯೇ ಸಿ ಮತ್ತು ಪಿ ಬರುತ್ತವೆ. ಸಿ ಇಷ್ಟು ಉದ್ದವಾಗಲು ಒಂದು ದೊಡ್ಡ ಕಾರಣ ಲ್ಯಾಟಿನ್ನಿನಿಂದ ಬಂದ 'ಕಾಮ್', 'ಕಾನ್' ಎಂಬ ಮುಂಭಾಗ. ಅದರ ಅರ್ಥ 'ಜೊತೆಗೆ'. ಕಮಿಟಿ, ಕಾನ್ಫರೆನ್ಸ್, ಕನೆಕ್ಷನ್ ಎಲ್ಲ ಆ ಮನೆಯವೇ. ಕಂಪ್ಯಾನಿಯನ್ ಅಂದರೆ ಜೊತೆಗಾರ ಅಂತ ಅವಳು ಬರೆದುಕೊಂಡಿರುತ್ತಾಳೆ. ಅದರೊಳಗಿನ 'ಪಾನಿಸ್' ಅಂದರೆ ಲ್ಯಾಟಿನ್ನಿನಲ್ಲಿ ರೊಟ್ಟಿ. ಒಟ್ಟಿಗೆ ಕೂತು ರೊಟ್ಟಿ ತಿನ್ನುವವನೇ ಕಂಪ್ಯಾನಿಯನ್. ಒಂದೇ ಪೊಟ್ಟಣದ ಮಂಡಕ್ಕಿ ಹಂಚಿಕೊಂಡು ತಿನ್ನುವ ಊರಿನ ಹುಡುಗಿಗೆ ಇದನ್ನು ಎರಡು ಸಲ ಹೇಳಬೇಕಾಗಿಲ್ಲ.

ಇನ್ನು ಗಿರಣಿಗೆ ಬರೋಣ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ ನಿಮಗೆ ಗೊತ್ತಲ್ವಾ. ಹತ್ತಿ ಗಿರಣಿಯ ಪದಗಳಲ್ಲಿ ಎಷ್ಟೊಂದು ಸಿ ಅಕ್ಷರದವು ನೋಡಿ. ಕಾಟನ್ ಎಂಬ ಪದವೇ ಅರಬ್ಬಿಯ 'ಕುತ್ನ್' ಎಂಬುದರಿಂದ ಬಂದದ್ದು. ಹತ್ತಿಯ ಎಳೆಗಳನ್ನು ಬಾಚಿ ಒಂದೇ ದಿಕ್ಕಿಗೆ ತರುವ ಕೆಲಸ ಕಾರ್ಡಿಂಗ್. ಮೈತುಂಬ ಸಣ್ಣ ತಂತಿ ಹಲ್ಲುಗಳಿರುವ ಉರುಳೆ ತಿರುಗುತ್ತಾ ಹತ್ತಿಯ ಗಂಟು ಬಿಡಿಸುತ್ತದೆ, ಕಸ ಉದುರಿಸುತ್ತದೆ. ಈ ಕಾರ್ಡ್ ಬಂದದ್ದು ಲ್ಯಾಟಿನ್ನಿನ 'ಕಾರ್ಡೂಸ್' ಎಂಬ ಮುಳ್ಳುಗಿಡದ ಹೆಸರಿನಿಂದ. ನಿಮ್ಮ ಜೇಬಿನ ಎಟಿಎಂ ಕಾರ್ಡ್ ಬೇರೆಯೇ ಪದ. ಅದು ಕಾಗದಕ್ಕೆ ಗ್ರೀಕರು ಇಟ್ಟ ಹೆಸರಿನಿಂದ ಬಂತು. ಬರೆಯುವುದು ಒಂದೇ ಥರ, ಹುಟ್ಟಿದ ಮನೆ ಬೇರೆ.

ಗಿರಣಿಯವರು ದಿನಾ ಬಳಸುವ ಇನ್ನೊಂದು ಪದ ಕೌಂಟ್. ಒಂದು ಪೌಂಡ್ ತೂಕದ ನೂಲಿನಲ್ಲಿ 840 ಗಜದ ಲಡಿಗಳು ಎಷ್ಟಿವೆಯೋ ಅಷ್ಟು ಅದರ ಕೌಂಟ್. 40ರ ಕೌಂಟ್ ಅಂದರೆ ಒಂದು ಪೌಂಡಿನಲ್ಲಿ 40 ಲಡಿ, ಅಂದರೆ 33,600 ಗಜ ನೂಲು. ಸಂಖ್ಯೆ ಹೆಚ್ಚಿದಷ್ಟೂ ನೂಲು ಸಣ್ಣ. ಈ ಕೌಂಟ್ ಮತ್ತು ಕಂಪ್ಯೂಟರ್ ಎರಡೂ 'ಲೆಕ್ಕ ಹಾಕು' ಎಂಬ ಒಂದೇ ಲ್ಯಾಟಿನ್ ಕ್ರಿಯಾಪದದ ಮಕ್ಕಳು. ತಾತನ ಪದ, ಮೊಮ್ಮಗಳ ಪದ ಅಣ್ಣತಂಗಿಯರಾದವು.

ಕ್ಯಾಲಿಕೊ ಎಂಬ ಬಟ್ಟೆಗೆ ಆ ಹೆಸರು ಬಂದದ್ದು ಕಲ್ಲಿಕೋಟೆಯಿಂದ. ಚಿಂಟ್ಸ್ ಅನ್ನುವುದು ಹಿಂದಿಯ 'ಛೀಂಟ್', ಚುಕ್ಕೆ ಸಿಡಿದಂತೆ ಅಚ್ಚು ಹಾಕಿದ ಬಟ್ಟೆ. ಈ ಬಟ್ಟೆಗಳಿಗೆ ಇಂಗ್ಲೆಂಡಿನ ಜನ ಎಷ್ಟು ಮುಗಿಬಿದ್ದರೆಂದರೆ ಅಲ್ಲಿನ ನೇಕಾರರು ಗಲಾಟೆ ಎಬ್ಬಿಸಿದರು. ಸಂಸತ್ತು 1700ರಲ್ಲಿ ಭಾರತದ ಅಚ್ಚು ಬಟ್ಟೆ ತರಿಸಿ ಅಲ್ಲಿ ಮಾರುವುದನ್ನು ತಡೆಯಿತು. 1721ರಲ್ಲಿ ಉಡುವುದಕ್ಕೂ ನಿಷೇಧ ಹಾಕಿತು. ಆ ಕಾನೂನುಗಳ ಹೆಸರೇ ಕ್ಯಾಲಿಕೊ ಆ್ಯಕ್ಟ್. ಒಂದು ಪದದ ಹಿಂದೆ ಇಷ್ಟು ಇತಿಹಾಸ ಇದ್ದರೆ ಅದನ್ನು ಮರೆಯುವುದೇ ಕಷ್ಟ.

ನೂಲಿನ ಮಾತು ಬಿಡುವ ಮುಂಚೆ ಇನ್ನೊಂದು. ಪೊಲೀಸರಿಗೆ ಸಿಗುವ ಕ್ಲೂ ಮೊದಲು ನೂಲಿನ ಉಂಡೆಯ ಹೆಸರಾಗಿತ್ತು. ಗ್ರೀಕರ ಕಥೆಯಲ್ಲಿ ಥೀಸಿಯಸ್ ಎಂಬ ವೀರ ಚಕ್ರವ್ಯೂಹದಂಥ ಕಟ್ಟಡದಿಂದ ನೂಲಿನ ಜಾಡು ಹಿಡಿದು ಹೊರಬರುತ್ತಾನೆ. ಅಲ್ಲಿಂದ ಕ್ಲೂ ಅಂದರೆ ಸುಳಿವು ಎಂದಾಯಿತು.

ಇವು ಬಳಕೆಯ ಪದಗಳು. ಅಪರೂಪದ ಪದ ಬೇಕಾದರೆ ಮಗಳನ್ನು ಕರೆದುಕೊಂಡು ಚಿತ್ರದುರ್ಗ ಜಿಲ್ಲೆ ಸುತ್ತಿ ಬನ್ನಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ಮಾಡಿಸಿದರು. ಅಲ್ಲಿ ಸಿಕ್ಕ ಹಳೇ ಸಮಾಧಿಗಳ ಒಂದು ಬಗೆಗೆ ಸಿಸ್ಟ್ ಎಂದು ಹೆಸರು. ನಾಲ್ಕು ಕಡೆ ಕಲ್ಲಿನ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿದ ಪೆಟ್ಟಿಗೆ ಅದು. ನಿಂತ ಚಪ್ಪಡಿಯೊಂದರಲ್ಲಿ ದುಂಡನೆಯ ಕಿಂಡಿ ಕೊರೆದಿರುತ್ತಾರೆ. ಗ್ರೀಕಿನಲ್ಲಿ ಬುಟ್ಟಿ, ಪೆಟ್ಟಿಗೆ ಎಂಬ ಅರ್ಥದ ಪದ ಲ್ಯಾಟಿನ್ನಿಗೆ ಬಂದು 'ಸಿಸ್ಟ' ಆಯಿತು. ಅದರಿಂದಲೇ ಚೆಸ್ಟ್ ಬಂತು, ಅಂದರೆ ಪೆಟ್ಟಿಗೆ. ಪಕ್ಕೆಲುಬಿನ ಪೆಟ್ಟಿಗೆಯಾದ ಎದೆಗೂ ಆಮೇಲೆ ಅದೇ ಹೆಸರು ಅಂಟಿತು. ನೀರು ತುಂಬಿಡುವ ಸಿಸ್ಟರ್ನ್ ಕೂಡ ಅದೇ ಬೇರಿನದು. ಚಿತ್ರದುರ್ಗದ ಕೋಟೆಯಲ್ಲಿ ಬಂಡೆಯ ಮೇಲಿನ ಮಳೆನೀರನ್ನು ಹಿಡಿದಿಡುವ ಹೊಂಡಗಳನ್ನು ನೋಡುವಾಗ ಈ ಪದ ಹೇಳಿಕೊಡಿ. ಸಮಾಧಿ, ಎದೆ, ನೀರಿನ ತೊಟ್ಟಿ ಮೂರೂ ಒಂದೇ ಪೆಟ್ಟಿಗೆಯಿಂದ ಹೊರಬಂದವು. ಸಿ ಅಕ್ಷರದಲ್ಲಿ ನನಗೆ ತುಂಬಾ ಇಷ್ಟವಾದ ಕುಟುಂಬ ಇದು.

ಬ್ರಹ್ಮಗಿರಿಯಲ್ಲಿ ನಯಮಾಡಿದ ಕಲ್ಲಿನ ಕೊಡಲಿಗಳೂ ಸಿಕ್ಕಿವೆ. ಅಂಥ ಕೊಡಲಿಗೆ ಸೆಲ್ಟ್ ಎನ್ನುತ್ತಾರೆ. ಅದೇ ಸ್ಪೆಲಿಂಗನ್ನು ಕೆಲ್ಟ್ ಎಂದು ಓದಿದರೆ ಯೂರೋಪಿನ ಒಂದು ಹಳೇ ಜನಾಂಗ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಸಾತವಾಹನರ ನಾಣ್ಯಗಳ ಜೊತೆ ರೋಮನ್ ನಾಣ್ಯಗಳೂ ಸಿಕ್ಕವು. ಕಾಯಿನ್ ಪದದ ಮೂಲ ಅರ್ಥ ಬೆಣೆ, ನಾಣ್ಯಕ್ಕೆ ಮುದ್ರೆ ಒತ್ತುವ ಅಚ್ಚಿನಿಂದ ಆ ಹೆಸರು. ಇನ್ನು ಕಲ್ಲಿನ ಊರಿಗೆ ಹೊಂದುವ ಪದ ಕ್ಯಾಲ್ಕುಲಸ್. ಸಣ್ಣ ಕಲ್ಲು ಎಂದರ್ಥ. ರೋಮನ್ನರು ಹರಳು ಇಟ್ಟು ಲೆಕ್ಕ ಮಾಡುತ್ತಿದ್ದರು, ಹಾಗಾಗಿ ಗಣಿತಕ್ಕೆ ಬಂತು. ಡಾಕ್ಟರು ರಿಪೋರ್ಟಿನಲ್ಲಿ ಕ್ಯಾಲ್ಕುಲಸ್ ಅಂತ ಬರೆದರೆ ಅದು ಕಿಡ್ನಿಯ ಕಲ್ಲೇ ಇರಬಹುದು.

ಚುನಾವಣೆ ಬಂದಾಗ ಕ್ಯಾಂಡಿಡೇಟ್ ನೆನಪಿಡಲಿ. ರೋಮಿನಲ್ಲಿ ಪದವಿಗೆ ನಿಲ್ಲುವವರು ಸುಣ್ಣ ಬಳಿದಷ್ಟು ಬಿಳಿ ಬಟ್ಟೆ ತೊಡುತ್ತಿದ್ದರು, ಬಿಳಿ ಎಂಬ ಪದದಿಂದಲೇ ಆ ಹೆಸರು. ಬಸ್ ಕ್ಯಾನ್ಸಲ್ ಆದಾಗ ಚಾನ್ಸಲರ್ ನೆನಪಾಗಲಿ. ಜಾಲರಿಯಂತೆ ಅಡ್ಡಗೆರೆ ಎಳೆದು ಬರಹ ಹೊಡೆದುಹಾಕುವುದು ಕ್ಯಾನ್ಸಲ್, ನ್ಯಾಯಾಲಯದ ಜಾಲರಿಯ ಬಳಿ ನಿಲ್ಲುತ್ತಿದ್ದ ನೌಕರ ಚಾನ್ಸಲರ್.

ಸ್ಪೆಲಿಂಗ್ ವಿಷಯಕ್ಕೆ ಎರಡೇ ಮಾತು. ಸಿ ಆದಮೇಲೆ ಇ, ಐ, ವೈ ಬಂದರೆ ಸಾಮಾನ್ಯವಾಗಿ 'ಸ', ಉಳಿದ ಕಡೆ 'ಕ'. ಸಿ ಜೊತೆ ಎಚ್ ಸೇರಿದರೆ ಮಾತ್ರ ಮೂರು ದಾರಿ. ಗ್ರೀಕಿನಿಂದ ಬಂದ ಕೋರಸ್, ಕ್ಯಾರೆಕ್ಟರ್‌ಗಳಲ್ಲಿ 'ಕ'. ಈಚೆಗೆ ಫ್ರೆಂಚಿನಿಂದ ಬಂದ ಶೆಫ್, ಶಾಂಪೇನ್‌ಗಳಲ್ಲಿ 'ಶ'. ಚೇರ್, ಚೀಸ್‌ನಂಥ ಹಳೆಯ ಬಳಕೆಯವುಗಳಲ್ಲಿ 'ಚ'.

ಮಗಳ ನೋಟ್‌ಬುಕ್ ಹಾಗೇ ಇರಲಿ, ಹರಿದು ಹಾಕುವುದು ಬೇಡ. ಅದರ ಪುಟಗಳಿಗೆ ಅಕ್ಷರದ ಬದಲು ಜಾಗದ ಹೆಸರು ಕೊಡಲಿ: ಗಿರಣಿ, ಆಸ್ಪತ್ರೆ, ಕೋರ್ಟು, ಕೋಟೆ. ದಿನಕ್ಕೆ ಐದು ಪದ ಸಾಕು. ಪ್ರತಿಯೊಂದಕ್ಕೂ ತನ್ನದೇ ಒಂದು ವಾಕ್ಯ ಬರೆಯಲಿ, ಜೋರಾಗಿ ಓದಲಿ. ವಾರದ ಕೊನೆಗೆ ನೀವು ಕನ್ನಡದಲ್ಲಿ ಅರ್ಥ ಹೇಳಿ, ಅವಳು ಇಂಗ್ಲಿಷ್ ಪದ ಹೇಳಲಿ.

ಡಿಕ್ಷನರಿ ಬಗ್ಗೆ: ಒಂದು ಇಂಗ್ಲಿಷ್–ಕನ್ನಡ, ಒಂದು ಇಂಗ್ಲಿಷ್–ಇಂಗ್ಲಿಷ್, ಎರಡೂ ಬೇಕು. ಇಂಗ್ಲಿಷ್–ಇಂಗ್ಲಿಷ್ ಕೊಳ್ಳುವಾಗ ಅಂಗಡಿಯಲ್ಲೇ ತೆರೆದು ಕಾರ್ಡ್ ಎಂಬ ಪದ ಹುಡುಕಿ. ಮುಳ್ಳುಗಿಡದ ಕಾರ್ಡ್, ಕಾಗದದ ಕಾರ್ಡ್ ಎರಡನ್ನೂ ಬೇರೆ ಬೇರೆ ಪದವಾಗಿ ಕೊಟ್ಟು, ಮೂಲ ಹೇಳಿ, ವಾಕ್ಯದಲ್ಲಿ ಬಳಸಿ ತೋರಿಸಿದ್ದರೆ ತೆಗೆದುಕೊಳ್ಳಿ. ಇಲ್ಲದಿದ್ದರೆ ಬೆಲೆ ಎಷ್ಟೇ ಕಮ್ಮಿ ಇದ್ದರೂ ಬೇಡ.