ಕೈ ಕಟ್ಟಿ ಕಳಿಸಿದವರು ಯಾರು?

(ಶಿರಸಿಯ ಓದುಗರೊಬ್ಬರ ಪತ್ರ: ‘ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ 1964ರಿಂದ ಮೆಡಿಟರೇನಿಯನ್ ದ್ವೀಪ ಸೈಪ್ರಸ್‌ನಲ್ಲಿ ಕೂತಿದೆ, ಜಗಳ ಬಗೆಹರಿದಿಲ್ಲ. ರುವಾಂಡದಲ್ಲಿ ಕೊಲೆ ನೋಡುತ್ತ ನಿಂತಿತು. ಇಂಥ ದಂಡದ ಕೆಲಸಕ್ಕೆ ನಮ್ಮ ಯೋಧರನ್ನೇಕೆ ಕಳಿಸಬೇಕು?’)

ಮಾನ್ಯರೇ,

ನಿಮ್ಮ ಸಿಟ್ಟಿನಲ್ಲಿ ಹುರುಳಿಲ್ಲವೆಂದು ಹೇಳಲಾರೆ. 1995ರಲ್ಲಿ ಬೋಸ್ನಿಯಾದ ಸ್ರೆಬ್ರೆನಿತ್ಸಾ ಊರಿನ ಗಂಡಸರನ್ನು ಸರ್ಬ್ ಸೇನೆಯ ಕಗ್ಗೊಲೆಯಿಂದ ಈ ಪಡೆಯ ಡಚ್ ತುಕಡಿ ಕಾಪಾಡಲಿಲ್ಲ. ಹೈಟಿಗೆ 2010ರಲ್ಲಿ ಕಾಲರಾ ಬಂದದ್ದು ವಿಶ್ವಸಂಸ್ಥೆಯ ಪಡೆಯ ಶಿಬಿರದಿಂದಲೇ.

ಆದರೆ ರುವಾಂಡದ ಕಥೆಯನ್ನು ಅರ್ಧಕ್ಕೇ ಬಿಟ್ಟಿರಲ್ಲ! ಅಲ್ಲಿನ ದಂಡನಾಯಕ, ಕೆನಡಾದ ರೋಮಿಯೋ ಡಲ್ಲೇರ್, 1994ರ ಜನವರಿಯಲ್ಲೇ ನ್ಯೂಯಾರ್ಕ್‌ನ ವಿಶ್ವಸಂಸ್ಥೆ ಕಚೇರಿಗೆ ತಂತಿ ಕಳಿಸಿದ್ದರು: ಆಯುಧ ಬಚ್ಚಿಟ್ಟಿರುವ ಸುಳಿವು ಸಿಕ್ಕಿದೆ, ವಶಪಡಿಸಿಕೊಳ್ಳುತ್ತೇನೆ ಎಂದು. ಬೇಡವೆಂಬ ಉತ್ತರ ಬಂತು. ಏಪ್ರಿಲ್‌ನಲ್ಲಿ ಟುಟ್ಸಿ ಜನರ ಹತ್ಯಾಕಾಂಡ ಶುರುವಾಯಿತು. ಐದು ಸಾವಿರ ಸೈನಿಕರಿದ್ದರೆ ತಡೆಯಬಲ್ಲೆ ಎಂದರು ಡಲ್ಲೇರ್. ಭದ್ರತಾ ಮಂಡಳಿ ಇದ್ದ ಸುಮಾರು ಎರಡೂವರೆ ಸಾವಿರವನ್ನೇ 270ಕ್ಕೆ ಇಳಿಸಲು ನಿರ್ಣಯಿಸಿತು. ಬಿಂದಿಗೆ ಕಸಿದುಕೊಂಡವರನ್ನು ಬಿಟ್ಟು, ಬೆಂಕಿ ಆರಿಸಲಿಲ್ಲವೆಂದು ಬರಿಗೈಯವನನ್ನು ಬೈಯುತ್ತೀರಾ? ನಿರ್ಣಯದ ಲಗಾಮು ಇರುವುದು ವಿಟೊ, ಅಂದರೆ ಒಬ್ಬರೇ ನಿರ್ಣಯ ತಡೆಯುವ ಅಧಿಕಾರ, ಹಿಡಿದ ಐದು ದೇಶಗಳ ಕೈಯಲ್ಲಿ. ಬಿಸಿಲಲ್ಲಿ ನೀಲಿ ಟೋಪಿ ಹಾಕಿ ನಿಲ್ಲುವವರು ಬಹುಪಾಲು ಭಾರತ, ಬಾಂಗ್ಲಾದೇಶ, ನೇಪಾಳದಂಥ ದೇಶಗಳ ಹುಡುಗರು.

ಇನ್ನು ಸೈಪ್ರಸ್. 1974ರಲ್ಲಿ ಟರ್ಕಿಯ ಸೇನೆ ಇಳಿದಾಗ ಪಡೆಗೆ ತಡೆಯಲಾಗಲಿಲ್ಲ, ನಿಜ. ಆದರೆ ಅದರ ದಿನದ ಕೆಲಸ ನೋಡಿ. ರಾಜಧಾನಿ ನಿಕೋಸಿಯದ ಹಳೆಯ ಬೀದಿಗಳಲ್ಲಿ ಗ್ರೀಕ್ ಕಡೆಯವರು, ಟರ್ಕಿಯ ಕಡೆಯವರು ಇವರಿಬ್ಬರ ನಡುವೆ ಕೆಲವೆಡೆ ಕೆಲವೇ ಮೀಟರ್ ಅಂತರ. ಒಬ್ಬ ಬೈದರೆ ಇನ್ನೊಬ್ಬ ಕಲ್ಲು ಬೀಸುತ್ತಾನೆ, ಕಲ್ಲಿಗೆ ಕೋವಿ ಉತ್ತರ ಕೊಡುತ್ತದೆ. ಕಲ್ಲಿನ ಹಂತದಲ್ಲೇ ನಡುವೆ ಹೋಗಿ ನಿಲ್ಲಬೇಕು. ಎರಡು ಸೇನೆಗಳ ನಡುವೆ ಪಡೆ ಕಾಯುವ ನಡುವಲಯದ ಹೊಲ ಉಳಲು ಬಂದ ರೈತನಿಗೆ ಪರವಾನಗಿ ಕೊಡಬೇಕು. ಊರಲ್ಲಿ ಬದುವಿನ ಜಗಳ ಬಿಡಿಸಿದವರಿಗೆ ಇದರ ಕಷ್ಟ ಗೊತ್ತು. ನೀವು ಬಿಡಿಸಿಲ್ಲವೆಂದು ಕಾಣುತ್ತದೆ.

1964ರ ಜುಲೈಯಲ್ಲಿ ಆ ಪಡೆಯ ಹೊಣೆ ಹೊತ್ತವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಮರುವರ್ಷ ಡಿಸೆಂಬರ್‌ನಲ್ಲಿ ಅಲ್ಲಿಯೇ ತೀರಿಕೊಂಡರು. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ನಾವು? ಗೆದ್ದ ಯುದ್ಧಗಳ ತಾರೀಖು ನಮಗೆ ಬಾಯಿಪಾಠ. ಯುದ್ಧ ಆಗದಂತೆ ಕಾದವರ ನೆನಪು ನಮಗೆ ಅಷ್ಟಕ್ಕಷ್ಟೇ. ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ ಅನ್ನು ನಾನು ಮೊದಲು ನೋಡಿದಾಗ ಅದು ಆರ್‌ಟಿಒ ಕಚೇರಿ. ಜಗಲಿಯಲ್ಲಿ ಅರ್ಜಿ ತುಂಬುತ್ತಿದ್ದ ಹುಡುಗನನ್ನು, “ಇದು ಯಾರ ಮನೆ ಗೊತ್ತೇನಪ್ಪಾ?” ಎಂದು ಕೇಳಿದೆ.

“ಎಲ್‌ಎಲ್‌ಆರ್ ಆದರೆ ಆ ಕಿಟಕಿ ಸಾರ್” ಎಂದ.

ಈಗ ಅದು ವಸ್ತುಸಂಗ್ರಹಾಲಯವಾಗಿದೆ. ಶಿರಸಿಯಿಂದ ದೂರವೇ, ಆದರೂ ಒಮ್ಮೆ ಹೋಗಿ ಬನ್ನಿ. ಆಮೇಲೆ ಇನ್ನೊಂದು ಪತ್ರ ಬರೆಯಿರಿ, ಅದನ್ನೂ ಪ್ರಕಟಿಸುತ್ತೇನೆ.

— ಸಂಪಾದಕ