ಭೂಕಂಪ ಆದರೆ ಮನೆಯೊಳಗೆ ನಿಲ್ಲಿಸಿದ ಬೈಕ್ ಬೀಳದ ಹಾಗೆ ಏನು ಮಾಡಬೇಕು?

ಧಾರವಾಡದ ಹಳೇ ಮನೆ, ರಾತ್ರಿ ಪಡಸಾಲೆಯಲ್ಲಿ ಒಂದು ಬುಲೆಟ್, ಒಂದು ಸ್ಪ್ಲೆಂಡರ್ ನಿಲ್ಲಿಸುತ್ತೇವೆ ಅಂತ ಬರೆದಿದ್ದೀರಿ. ಒಳ್ಳೆ ಪ್ರಶ್ನೆ. ಯಾರಾದರೂ ನಕ್ಕರೆ ತಲೆ ಕೆಡಿಸಿಕೊಳ್ಳಬೇಡಿ. 2002ರ ಭೂಕಂಪ ನಕ್ಷೆಯಲ್ಲಿ ಬೆಂಗಳೂರು ಎರಡನೇ ವಲಯ, ಧಾರವಾಡ ಮೂರನೆಯದು; ವಲಯದ ಸಂಖ್ಯೆ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಮಹಾರಾಷ್ಟ್ರದ 1967ರ ಕೊಯ್ನಾ, 1993ರ ಕಿಲ್ಲಾರಿ ಭೂಕಂಪ ಎರಡೂ ನಡೆದದ್ದು ಬೆಳಗಿನ ಜಾವ ನಾಲ್ಕರ ಸುಮಾರಿಗೆ. ಅಂದರೆ ಬೈಕ್ ಒಳಗಿದ್ದು ಎಲ್ಲರೂ ಮಲಗಿರುವ ಹೊತ್ತು. ಸುಮಾರು 190 ಕೆಜಿಯ ಬುಲೆಟ್ ಬಾಗಿಲಿಗೆ ಅಡ್ಡ ಬಿದ್ದರೆ ವಯಸ್ಸಾದವರು ಹೊರಗೆ ಹೋಗುವುದು ಹೇಗೆ? ಹಾಗಾಗಿ ಮೊದಲು ಬಾಗಿಲಿನ ದಾರಿಯಿಂದ ಎರಡನ್ನೂ ಸರಿಸಿ. ಇದೊಂದೇ ಮಾಡಿದರೂ ಅರ್ಧ ಚಿಂತೆ ಕಳೆಯುತ್ತದೆ.

ಸೆಂಟರ್ ಸ್ಟ್ಯಾಂಡ್ ಬೇಡ. ನೆಲ ಜೋರಾಗಿ ಅಲುಗಿದರೆ ಬೈಕ್ ಮುಂದಕ್ಕೆ ಜಾರಿ ಸ್ಟ್ಯಾಂಡ್‌ನಿಂದ ಇಳಿದುಬಿಡಬಹುದು. ಸೈಡ್ ಸ್ಟ್ಯಾಂಡ್ ಹಾಕಿ, ಫಸ್ಟ್ ಗೇರಿನಲ್ಲಿಡಿ, ಮುಂದಿನ ಬ್ರೇಕ್ ಲಿವರನ್ನು ಗಟ್ಟಿ ರಬ್ಬರಿನಿಂದ ಹ್ಯಾಂಡಲ್‌ಗೆ ಬಿಗಿದುಬಿಡಿ. ಎಡಕ್ಕೆ ಬೀಳದ ಹಾಗೆ ಸ್ಟ್ಯಾಂಡ್ ತಡೆಯುತ್ತದೆ. ಉಳಿದದ್ದು ಬಲಗಡೆ ಮಾತ್ರ, ಅಲ್ವಾ? ಅದಕ್ಕೇ ಬೈಕಿನ ಎಡಭಾಗ ಗೋಡೆ ಕಡೆ ಬರುವಂತೆ ನಿಲ್ಲಿಸಿ, ಲಾರಿಯವರು ಲೋಡಿಗೆ ಬಿಗಿಯುವ ರ‍್ಯಾಚೆಟ್ ಬೆಲ್ಟಿನಿಂದ ಎಡಕ್ಕೆ ಕಟ್ಟಿ. ನಾನು ನನ್ನ ಬೈಕನ್ನು ಹೀಗೇ ಕಟ್ಟುತ್ತೇನೆ. ಬೆಲ್ಟ್ ಹಾಕುವುದು ಹ್ಯಾಂಡಲ್ ತುದಿಗಲ್ಲ, ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಮೇಲಿನ ದಪ್ಪ ಕ್ಲ್ಯಾಂಪಿಗೆ. ಪೇಂಟ್ ಉಜ್ಜದ ಹಾಗೆ ನಡುವೆ ಬಟ್ಟೆ ಇರಲಿ. ಬೆಲ್ಟ್ ಜೋತು ಬೀಳದಷ್ಟು ಬಿಗಿದರೆ ಸಾಕು. ಜಾಸ್ತಿ ಎಳೆದರೆ ಸೈಡ್ ಸ್ಟ್ಯಾಂಡ್ ಬಗ್ಗುತ್ತದೆ.

ಕಷ್ಟ ಇರುವುದು ಬೆಲ್ಟಿನ ಇನ್ನೊಂದು ತುದಿಯಲ್ಲಿ. ಕಾಂಕ್ರೀಟ್ ಕಂಬ ಇದ್ದರೆ 10 ಎಂಎಂ ಆಂಕರ್ ಬೋಲ್ಟ್ ಹಾಕಿ ಕೊಂಡಿ ಕೂರಿಸಿ. ಮಣ್ಣಿನ ಗೋಡೆಯನ್ನು ಮಾತ್ರ ನಂಬಬೇಡಿ, ಬೋಲ್ಟ್ ಮಣ್ಣಿನ ಸಮೇತ ಕಿತ್ತು ಬರುತ್ತದೆ. ಶಹಾಬಾದ್ ಕಲ್ಲಿನ ನೆಲವೂ ಅಷ್ಟೇ, ಬರೀ ಹಾಸುಗಲ್ಲಿಗೆ ಹೊಡೆದರೆ ಒಡೆಯುತ್ತದೆ. ಕಂಬ ಇಲ್ಲದಿದ್ದರೆ ನೆಲದಲ್ಲಿ ಒಂದು ಕಡೆ ಕಲ್ಲು ತೆಗೆಸಿ, ಕಾಂಕ್ರೀಟ್ ಹಾಕಿಸಿ, ಅದರೊಳಗೇ ಕೊಂಡಿ ಕೂರಿಸಿ. ಬಾಡಿಗೆ ಮನೆ ಆದರೆ ಮಾಲೀಕರನ್ನು ಕೇಳಿಯೇ ಮಾಡಿ.

ಎರಡು ಬೈಕ್ ಒತ್ತೊತ್ತಾಗಿ ಬೇಡ. ಗ್ಯಾಸ್ ಸಿಲಿಂಡರ್, ದೇವರ ದೀಪ ದೂರ ಇರಲಿ. ಕಾರ್ಬೊರೇಟರ್ ಇರುವ ಹಳೇ ಗಾಡಿಯಾದರೆ ರಾತ್ರಿ ಪೆಟ್ರೋಲ್ ಕಾಕ್ ಬಂದ್ ಮಾಡಿ. ಭೂಮಿ ಅಲುಗುವಾಗ ಬೈಕ್ ಹಿಡಿಯಲು ಓಡಲೇಬೇಡಿ. ಅಲುಗಾಟ ನಿಂತ ಮೇಲೆ ಪೆಟ್ರೋಲ್ ವಾಸನೆ ಬಂದರೆ ಲೈಟ್ ಸ್ವಿಚ್ ಮುಟ್ಟದೆ ಬಾಗಿಲು ತೆಗೆದು ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ. ಬೈಕ್ ಎತ್ತುವುದು ಆಮೇಲೆ.